ಜಪಾನಕ್ಕನ ಕೆಂಪು ಅಂಚು

ಜಪಾನಕ್ಕ ಹೋಗಿಬಿಟ್ಟರು ಎಂಬ ಸುದ್ದಿ ಬಂದಾಗ ನಾನು ಒಲೆಯ ಮುಂದೆ ನಿಂತು ಕುಕ್ಕರ್ ಕಾಯುತ್ತಿದ್ದೆ. ಕುಕ್ಕರ್ ಅಂದರೆ ನನಗೆ ಇವತ್ತಿಗೂ ಪುಕುಪುಕು. ಒಂದು ಸೀಟಿ ಬಂದರೆ ಸಾಕು, ಉರಿ ಆರಿಸಿಬಿಡುತ್ತೇನೆ. ಅರೆಬೆಂದ ಬೇಳೆಯನ್ನು ಆಮೇಲೆ ಕಡೆಗೋಲಿನಲ್ಲಿ ಕಡೆದು ಸಾರಿಗೆ ಹಾಕುತ್ತೇನೆ. ನಮ್ಮ ಯಜಮಾನರು ಮದುವೆಯಾದಾಗಿನಿಂದ ಆ ಸಾರನ್ನೇ ಉಣ್ಣುತ್ತಾ ಬಂದಿದ್ದಾರೆ, ಪಾಪ. ಹಾಲು ಹಾಕುವ ಹೆಂಗಸು ಬಾಗಿಲಲ್ಲಿ ನಿಂತು, "ಟೀಚರಮ್ಮ, ಜಪಾನಕ್ಕ ಬೆಳಿಗ್ಗೆ ಆಸ್ಪತ್ರೇಲೇ ತೀರ್ಕೊಂಡ್ರಂತೆ. ಕಿಡ್ನಿ ಪೂರಾ ಹೋಗಿತ್ತಂತೆ" ಅಂದಳು. ನಾನು ಒಲೆ ಆರಿಸಿ ಅಲ್ಲೇ ಗೋಡೆಗೊರಗಿ ಕೂತುಬಿಟ್ಟೆ. ಅವರ ಮುಖ ನೆನಪಾಗುವ ಮೊದಲು ಒಂದು ಸದ್ದು ನೆನಪಾಯಿತು. ಅವರ ಕಾರಿನೊಳಗಿನ ಪುಟ್ಟ ಬಜರಿನ ಸದ್ದು. ಅದರ ಹಿಂದೆಯೇ ಅವರ ಮಾತು: "ಬಿಸಿ ಆಗೋ ತನಕ ಕಾಯ್ಬೇಕು ಟೀಚರ್. ಬಿಸಿ ಆದ್ಮೇಲೆ ಕಾಯ್ಬಾರ್ದು."

ಅವರಿಗೊಂದು ಹೆಸರಿತ್ತು. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಯಾರೂ ಅದನ್ನು ಬಳಸಲಿಲ್ಲ, ನಾನೂ ಇಲ್ಲಿ ಬಳಸುವುದಿಲ್ಲ. ನಾವು ಆಗ ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಅವರ ಎದುರು ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರು. ಬೀದಿಯ ಎರಡೂ ಬದಿ ಮನೆಮನೆಯಲ್ಲೂ ಪವರ್‌ಲೂಮ್. ಅಲ್ಲಿ ಮಾತಾಡುವುದೆಂದರೆ ಕೂಗುವುದು. ಕರೆಂಟು ಹೋದಾಗ ಮಗ್ಗಗಳೆಲ್ಲ ಗಪ್ಪನೆ ನಿಲ್ಲುತ್ತಿದ್ದವು; ನಾವು ಮಾತ್ರ ಅಭ್ಯಾಸಬಲದಿಂದ ಕೂಗಿಕೊಂಡೇ ಇರುತ್ತಿದ್ದೆವು, ಒಬ್ಬರ ಮನೆಯ ಗುಟ್ಟು ಬೀದಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ಜಪಾನಕ್ಕ ಒಬ್ಬರೇ ಮೆಲ್ಲಗೆ ಮಾತಾಡುತ್ತಿದ್ದವರು. ಕೇಳಬೇಕಿದ್ದರೆ ನಾವೇ ಅವರ ಹತ್ತಿರ ಬಗ್ಗಬೇಕಾಗಿತ್ತು. ಬೀದಿಗೆ ಅದು ಜಂಬ ಅನ್ನಿಸುತ್ತಿತ್ತು.

ಅವರ ಗಂಡ ಆ ಮನೆಯ ಹಿರಿಯ ಮಗ. ಮಗ್ಗದ ಯಂತ್ರಗಳ ಕೆಲಸ ಚೆನ್ನಾಗಿ ಬಲ್ಲವರು. ಜಪಾನಿನ ಯಾವುದೋ ಗಿರಣಿಗೆ ಕೆಲಸಕ್ಕೆ ಹೋಗಿ, ಹೆಂಡತಿಯನ್ನೂ ಕರೆಸಿಕೊಂಡು, ಕೆಲವು ವರ್ಷ ಅಲ್ಲೇ ಇದ್ದು, ಎಂಬತ್ತರ ದಶಕದ ಕೊನೆಯಲ್ಲಿ ವಾಪಸು ಬಂದರು. ಬರುವಾಗ ಎಲ್ಲರೂ ಟೇಪ್ ರೆಕಾರ್ಡರ್ ತರುತ್ತಾರೆ, ಇವರು ಕಾರು ತಂದರು. ಕೆಂಪು ಬಣ್ಣದ, ನೆಲಕ್ಕೆ ಅಂಟಿದಂತಿದ್ದ ಸ್ಪೋರ್ಟ್ಸ್ ಕಾರು. ಮುಂದಿನ ದೀಪಗಳು ಬಾನೆಟ್ಟಿನೊಳಗೆ ಅಡಗಿದ್ದು, ಸ್ವಿಚ್ ಒತ್ತಿದರೆ ಎದ್ದು ನಿಲ್ಲುತ್ತಿದ್ದವು. ಕೂರುವುದಕ್ಕೆ ಎರಡೇ ಸೀಟು. "ಒಂದು ಸಂಸಾರ ಕೂರೋಕಾಗ್ದೆ ಇರೋದನ್ನ ಕಾರು ಅಂತಾರಾ?" ಅಂತ ಪಕ್ಕದ ಮನೆಯ ಅಜ್ಜಿ ಎಲ್ಲರ ಮುಂದೆ ಕೇಳಿದ್ದರು. ಜಪಾನಕ್ಕನಿಗೆ ಮಕ್ಕಳಿರಲಿಲ್ಲ. ಕೇಳಿದ್ದು ಕಾರಿನ ಬಗ್ಗೆ ಮಾತ್ರ ಅಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಗಂಡ ಆ ಕಾರನ್ನು ಓಡಿಸುತ್ತಿದ್ದದ್ದನ್ನು ನೋಡಬೇಕಿತ್ತು. ಮೊಸರಿನ ಕುಡಿಕೆ ಹಿಡಿದು ಹೊಸ್ತಿಲು ದಾಟುವವರ ಹಾಗೆ. ಬಸ್ ಸ್ಟ್ಯಾಂಡಿನ ತನಕ ಹೋಗುವುದು, ತರಕಾರಿ ತರುವುದು, ಬರುವುದು. ಸೈಕಲ್ಲಿನವರು ಬೆಲ್ ಮಾಡಿ ಅವರನ್ನು ದಾಟಿ ಹೋಗುತ್ತಿದ್ದರು. ಜಪಾನಕ್ಕ ಪಕ್ಕದ ಸೀಟಿನಲ್ಲಿ ಸೆರಗು ಹೊದ್ದು, ಕೈಕಟ್ಟಿ, ಒಂದೂ ಮಾತಿಲ್ಲದೆ ಕೂತಿರುತ್ತಿದ್ದರು. ಕಾರಿನ ಮೇಲೆ ಅವರಿಗೆಷ್ಟು ಪ್ರೀತಿ ನೋಡು, ಗೀರು ಬೀಳದ ಹಾಗೆ ಓಡಿಸುತ್ತಾರೆ ಅಂತ ಬೀದಿಯವರೆಲ್ಲ ಅವರ ಗಂಡನನ್ನು ಹೊಗಳುತ್ತಿದ್ದರು. ಊರಿಗೆ ಬಂದು ಎರಡು ವರ್ಷ ತುಂಬುವ ಹೊತ್ತಿಗೆ ಗಂಡನಿಗೆ ಕಾಮಾಲೆ ಬಂತು. ಔಷಧಿ ಕುಡಿಸಿದರು, ಆಮೇಲೆ ಬೆಂಗಳೂರಿಗೆ ಸೇರಿಸಿದರು, ಉಳಿಯಲಿಲ್ಲ.

ಕಾರು ಶೆಡ್ಡಿಗೆ ಸೇರಿತು. ನೇಯ್ಗೆಯಲ್ಲಿ ತಪ್ಪಿಹೋದ ಸೀರೆಗಳನ್ನು ಜೋಡಿಸಿ ಹೊಲಿದ ಹೊದಿಕೆ ಅದಕ್ಕೆ. ಜರಿಯಂಚಿನ ಸೀರೆ ಹೊದ್ದು ಮಲಗಿದ ಕಾರನ್ನು ನಾನು ಬೇರೆಲ್ಲೂ ನೋಡಿಲ್ಲ. ಜಪಾನಕ್ಕನಿಗೆ ಮಾತ್ರ ಬಿಳುಚಿದ ಸೀರೆಗಳು ಬಂದವು.

ವರ್ಷದ ಕಾರ್ಯ ಮುಗಿದ ಮೇಲೆ ಒಂದು ದಿನ ನಾನು ಅವರ ಹಿತ್ತಲಿನಲ್ಲಿ ರುಬ್ಬುತ್ತಿದ್ದೆ. ನಮ್ಮ ಮನೆಯಲ್ಲಿ ಒರಳಿರಲಿಲ್ಲ, ಅವರದಕ್ಕೇ ಹೋಗುತ್ತಿದ್ದೆ. ಜಪಾನಕ್ಕ ಕಟ್ಟೆಯ ಮೇಲೆ ಕೂತು ಗುಂಡು ತಿರುಗುವುದನ್ನೇ ನೋಡುತ್ತಿದ್ದವರು, ಇದ್ದಕ್ಕಿದ್ದಂತೆ, "ನಮ್ಮ ಕಾರಿನ ಇಂಜಿನ್ನೂ ಹೀಗೇ ಟೀಚರ್" ಅಂದರು. ಬೇರೆ ಕಾರುಗಳ ಇಂಜಿನ್ನಿನಲ್ಲಿ ಒನಕೆಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತದಂತೆ. ಇದರಲ್ಲಿ ರುಬ್ಬುತ್ತದಂತೆ. ಗುಂಡು ಮಾತ್ರ ದುಂಡಗಿಲ್ಲ, ಮೂರು ಮೂಲೆಯದು. ಪ್ರತಿ ಮೂಲೆಯ ತುದಿಗೂ ಒಂದೊಂದು ತೆಳ್ಳನೆಯ ಪಟ್ಟಿ ಕೂರಿಸಿರುತ್ತಾರೆ. ಅದು ಸುತ್ತಲಿನ ಗೋಡೆಯನ್ನು ಸವರಿಕೊಂಡೇ ತಿರುಗಬೇಕು. ಆ ಪಟ್ಟಿಗಳು ಸಡಿಲವಾಗಿ ಓಡಾಡಿಕೊಂಡಿದ್ದರೆ ಇಂಜಿನ್ ಆರೋಗ್ಯವಾಗಿರುತ್ತದೆ. ಮೆಲ್ಲಗೆ ಓಡಿಸುತ್ತಾ ಬಂದರೆ ಹೊಗೆಯ ಮಸಿ ಅವುಗಳ ಸಂದಿಗೆ ಸೇರಿ ಗಟ್ಟಿಯಾಗಿ, ಪಟ್ಟಿ ಅಲ್ಲೇ ಅಂಟಿಕೊಂಡುಬಿಡುತ್ತದೆ.

"ಹಂಗಾದ್ರೆ ಏನ್ಮಾಡ್ಬೇಕು?" ಅಂದೆ.

"ಚೆನ್ನಾಗಿ ಬಿಸಿ ಮಾಡಿ, ಆಮೇಲೆ ಅಂಚು ಮುಟ್ಟಿಸ್ಬೇಕು."

ಅಂಚು ಅನ್ನುವುದು ಅವರ ಮಾತು. ಕಾರಿನೊಳಗೆ ಇಂಜಿನ್ನಿನ ಸುತ್ತು ತೋರಿಸುವ ದೊಡ್ಡ ಗಡಿಯಾರವೊಂದಿತ್ತು. ಬಿಳಿ ಅಂಕೆಗಳೆಲ್ಲ ಮುಗಿದ ಮೇಲೆ ಕೊನೆಗೆ ಒಂದು ಕೆಂಪು ಪಟ್ಟಿ. ಮುಳ್ಳು ಅದನ್ನು ದಾಟಬಾರದು. ದಾಟಬಾರದು ಅಂದರೆ ಅತ್ತ ಸುಳಿಯಲೇಬಾರದು ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ, ಈ ಇಂಜಿನ್ನಿಗೆ ಅದು ಸಲ್ಲದು, ಆಗಾಗ ಅಲ್ಲಿಯವರೆಗೆ ಹೋಗಿ ಬರಬೇಕು ಅಂತ ಅವರು ವಿವರಿಸಿದರು. "ಮಧ್ಯದಲ್ಲೇ ನೇಯ್ತಾ ಇದ್ರೆ ಅದು ಬರೀ ಬಟ್ಟೆ. ಲಾಳಿ ಅಂಚಿನ ತನಕ ಹೋಗಿ ತಿರುಗ್ಬೇಕಲ್ವಾ? ಹಾಗಂತ ಅಲ್ಲೇ ಮನೆ ಮಾಡ್ಬಾರ್ದು. ಮುಟ್ಟಿ ಬಂದ್ಬಿಡ್ಬೇಕು." ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಟ್ಟು ನುಣ್ಣಗಾಗಿ ಎಷ್ಟೋ ಹೊತ್ತಾಗಿತ್ತು, ನಾನು ಸುಮ್ಮನೆ ತಿರುಗಿಸುತ್ತಲೇ ಇದ್ದೆ.

ಕಾರು ಹೊರಗೆ ತೆಗೆಯುತ್ತೇನೆ ಅಂತ ಅವರು ಅತ್ತೆಯನ್ನು ಹೇಗೆ ಕೇಳಿದರೋ ಗೊತ್ತಿಲ್ಲ. ನಿಂತರೆ ಕೆಟ್ಟುಹೋಗುತ್ತದೆ ಅನ್ನುವ ಮಾತು ಮಗ್ಗದ ಮನೆಯಲ್ಲಿ ಬೇಗ ನಡೆಯುತ್ತದೆ. ಮೈದುನ, ಅಂದರೆ ಗಂಡನ ತಮ್ಮ, ಮನೆಯ ಮಗ್ಗಗಳನ್ನೂ ಸೀರೆ ವ್ಯಾಪಾರವನ್ನೂ ನೋಡಿಕೊಳ್ಳುತ್ತಿದ್ದವರು, ಒಂದೇ ಷರತ್ತು ಹಾಕಿದರು. "ಒಬ್ರೇ ಮಾತ್ರ ಹೋಗ್ಬೇಡಿ ಅತ್ತಿಗೆ. ಜನ ಒಂದಿದ್ರೆ ಎರಡು ಹೇಳ್ತಾರೆ." ಹೀಗಾಗಿ, ಇಡೀ ಬೀದಿಯಲ್ಲಿ ಅತ್ಯಂತ ಪುಕ್ಕಲಿಯಾದ ನನ್ನನ್ನು ಕಾವಲಿಗೆ ಆರಿಸಿದರು.

ಭಾನುವಾರ ಬೆಳಿಗ್ಗೆ. ಶೆಡ್ಡಿನಲ್ಲಿ ಇಂಜಿನ್ ಹಚ್ಚಿದ ಮೇಲೆ ಅವರು ತಲೆಯನ್ನು ಒಂದು ಕಡೆ ವಾಲಿಸಿ ಸದ್ದು ಕೇಳುತ್ತಿದ್ದರು. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಅವರ ವ್ಯಾನಿಟಿ ಬ್ಯಾಗಿನಲ್ಲಿ ಪೌಡರ್ ಡಬ್ಬಿಯ ಪಕ್ಕ ಇಂಜಿನ್ ಆಯಿಲಿನ ಪುಟ್ಟ ಸೀಸೆ. ಈ ಇಂಜಿನ್ ತನ್ನ ಎಣ್ಣೆಯನ್ನು ತಾನೇ ಚೂರುಚೂರು ಕುಡಿಯುತ್ತದಂತೆ. ಅದು ರೋಗವಲ್ಲ, ಅದರ ಜಾಯಮಾನ. ಊರು ದಾಟಿ ದೇವನಹಳ್ಳಿ ರಸ್ತೆಗೆ ಬರುವವರೆಗೂ ಅವರು ಗಂಡನಿಗಿಂತ ಮೆಲ್ಲಗೆ ಓಡಿಸಿದರು. ಇಷ್ಟೇನಾ ಅಂತ ನಾನು ಕಾಲು ಚಾಚಿ ಕೂತೆ, ದ್ರಾಕ್ಷಿ ತೋಟಗಳನ್ನು ನೋಡುತ್ತಾ. ಅವರ ಕಣ್ಣು ಶಾಖದ ಮುಳ್ಳಿನ ಮೇಲೆ. ಕುಂದಾಣದ ಕ್ರಾಸ್ ಹತ್ತಿರ ಅದು ಮಧ್ಯಕ್ಕೆ ಬಂದು ನಿಂತಿತು. ರಸ್ತೆ ನೇರ, ಖಾಲಿ. ಅವರು ಎರಡನೇ ಗೇರಿಗೆ ಹಾಕಿದರು.

ಆಮೇಲಿನದನ್ನು ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಇಂಜಿನ್ನಿನ ಸದ್ದು ಮೇಲೇರಿತು, ಏರಿತು, ಏರುತ್ತಲೇ ಹೋಯಿತು. ನಡುಕವಿಲ್ಲ, ಕುಲುಕಾಟವಿಲ್ಲ, ಬರೀ ಏರುವ ಸ್ವರ. ಮುಗಿಯಿತು, ಇನ್ನು ನಮ್ಮ ಮನೆಯವರಿಗೆ ಸಾರು ಮಾಡುವವರಾರು ಅಂತ ಯೋಚಿಸುತ್ತಿದ್ದಾಗ ಎಲ್ಲೋ ಒಂದು ಬಜರ್ ಕೂಗಿತು. ತಕ್ಷಣ ಸದ್ದು ಇಳಿಯಿತು. ಕಣ್ಣು ಬಿಟ್ಟರೆ ಅದೇ ರಸ್ತೆ, ಅದೇ ತೋಟ. ಹಿಂದೆ ಒಂದಿಷ್ಟು ಕಪ್ಪು ಹೊಗೆ ಗಾಳಿಗೆ ಕರಗುತ್ತಿತ್ತು.

"ಮಸಿ ಹೋಯ್ತು" ಅಂದರು ಜಪಾನಕ್ಕ. ಆ ಬಜರು ಅಂಚು ಮುಟ್ಟಿತು ಅಂತ ಹೇಳುವುದಕ್ಕೆ ಇರುವುದಂತೆ. ಇಂಜಿನ್ ಅಷ್ಟು ನಯವಾಗಿರುವುದರಿಂದ ಸುತ್ತು ಎಷ್ಟಾಯಿತೆಂದು ಓಡಿಸುವವರಿಗೇ ತಿಳಿಯುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ನಗು ಬಂತು. "ಈ ಸೀಟಲ್ಲಿ ಕೂತವರೆಲ್ಲ ಕಣ್ಣು ಮುಚ್ಕೊಳ್ತಾರೆ." ಎಲ್ಲರೂ ಅಂದರೆ ಯಾರು ಅಂತ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರ ಕೆನ್ನೆ ಕೆಂಪಾಗಿತ್ತು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಆವತ್ತೇ ನೋಡಿದ್ದು. ನನಗೆ ತುಂಬಾ ಸಂತೋಷವಾಯಿತು.

ಹೀಗೆ ಕೆಲವು ತಿಂಗಳು ನಡೆಯಿತು. ಆಮೇಲೆ ಕುಂದಾಣದ ಕಡೆಯಿಂದ ಸೀರೆ ಕೊಳ್ಳಲು ಬಂದವರು ಯಾರೋ, ನಿಮ್ಮ ಅತ್ತಿಗೆಯ ಕಾರು ಕಿರುಚಿಕೊಳ್ಳುತ್ತಿತ್ತು ಅಂತ ಮೈದುನನಿಗೆ ಹೇಳಿದರು. ಮೈದುನ ಕೆಟ್ಟವರಲ್ಲ. ಅಣ್ಣನೆಂದರೆ ಪ್ರಾಣ. ಅದೇ ಅವರ ತೊಂದರೆ. ಅಂಗಳದಲ್ಲಿ ನಿಂತು ಅವರು ಹೇಳಿದ್ದು ನಮ್ಮ ಮನೆಗೂ ಕೇಳಿಸಿತು, ಕರೆಂಟಿರಲಿಲ್ಲ.

"ಅಣ್ಣ ಅದನ್ನ ಮಗು ಥರಾ ನೋಡ್ಕೊಂಡಿದ್ದ ಅತ್ತಿಗೆ. ಒಂದಿನ ಜೋರು ಮಾಡಿದ್ದಿಲ್ಲ. ಅಂಚು ಮುಟ್ಟಿಸೋದಂತೆ, ಅಂಚು! ನೀವು ಅದರ ಕತ್ತು ಹಿಸುಕ್ತಾ ಇದೀರ."

ಕೀ ದೇವರ ಮನೆಗೆ ಹೋಯಿತು. ಅಷ್ಟೇ ಅಲ್ಲ, ಬಸ್ ಸ್ಟ್ಯಾಂಡಿನ ಹತ್ತಿರ ಅವರ ಹೊಸ ಸೀರೆ ಅಂಗಡಿ ಆಗುತ್ತಿತ್ತು. ಅಂಗಡಿಯ ಮುಂದೆ ಕಟ್ಟೆ ಕಟ್ಟಿ, ಗಾಜು ಹಾಕಿಸಿ, ಅಣ್ಣನ ಫೋಟೋ ಜೊತೆ ಕಾರನ್ನು ಅದರ ಮೇಲೆ ಶಾಶ್ವತವಾಗಿ ನಿಲ್ಲಿಸುವುದು ಅಂತ ತೀರ್ಮಾನವಾಯಿತು. ಆಯುಧಪೂಜೆ ಮುಗಿಯುತ್ತಿದ್ದಂತೆ ಕೆಲಸ ಶುರು. ಊರವರೆಲ್ಲ ಮೆಚ್ಚಿದರು. ಅಂಥ ತಮ್ಮ ಯಾರಿಗುಂಟು ಅಂದರು.

ಒರಳಿನ ಹತ್ತಿರ ನಾನು ಕೇಳಿದೆ: "ನೀವು ಯಾಕಕ್ಕ ಬಾಯಿ ಬಿಡ್ತಿಲ್ಲ? ಇಂಜಿನ್ ವಿಷಯ ಎಲ್ಲ ಹೇಳ್ಬಾರ್ದಾ?"

"ಹೋದವರು ಹೇಗೆ ಓಡಿಸ್ತಿದ್ರು ಅನ್ನೋದು ಒಂದು ಕಡೆ. ನಾನು ಹೇಳೋದು ಇನ್ನೊಂದು ಕಡೆ. ಯಾವುದು ತೂಕ ಜಾಸ್ತಿ ಹೇಳಿ" ಅಂದರು.

ಆ ದಿನಗಳಲ್ಲಿ ಅವರು ಎಲ್ಲಿ ಕೂತರೆ ಅಲ್ಲೇ ಕೂತಿರುತ್ತಿದ್ದರು. ಮೊದಲೇ ಮೆಲ್ಲನೆಯ ದನಿ, ಈಗ ತುಟಿ ಮಾತ್ರ ಆಡುತ್ತಿತ್ತು. ಆ ಕಾರಿನ ಪಟ್ಟಿಗಳ ಹಾಗೆ ಇವರೂ ಒಳಗೇ ಅಂಟಿಕೊಳ್ಳುತ್ತಿದ್ದಾರೆ ಅಂತ ನನಗೆ ಭಯವಾಯಿತು. ಮನೆಗೆ ಬಂದು ನಮ್ಮವರ ಹತ್ತಿರ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, ನಿನಗ್ಯಾಕೆ ಬೇರೆಯವರ ಕಾರಿನ ಉಸಾಬರಿ ಅಂದರು.

ಆಯುಧಪೂಜೆ ನಮ್ಮ ಬೀದಿಗೆ ದೊಡ್ಡ ಹಬ್ಬ. ಮಗ್ಗಗಳಿಗೆಲ್ಲ ಆವತ್ತು ರಜೆ, ಅರಿಶಿನ ಕುಂಕುಮ, ಬಾಳೆಕಂದು. ಮೈದುನ ಕಾರನ್ನು ತಾವೇ ತೊಳೆದರು, ಬಾನೆಟ್ಟಿನ ಮೇಲೆ ಅಣ್ಣನ ಫೋಟೋ ಇಟ್ಟು ಸೇವಂತಿಗೆ ಹಾರ ಹಾಕಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಜಪಾನಕ್ಕ ಬಾಗಿಲ ಒಳಗೇ ನಿಂತಿದ್ದರು; ಗಂಡ ಇಲ್ಲದವರು ಪೂಜೆಯ ಮುಂದೆ ಬರುವ ಪದ್ಧತಿ ಇರಲಿಲ್ಲ. ಮೈದುನ ಕೀ ತಿರುಗಿಸಿ ಕಾರು ಹಚ್ಚಿದರು, ನಿಂಬೆಹಣ್ಣು ಚಿಟ್ಟನ್ನುವಷ್ಟು ಮುಂದಕ್ಕೆ ತಂದರು, ಬೀದಿಯ ಮಧ್ಯ ನಿಲ್ಲಿಸಿ ಆರಿಸಿದರು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದರು, ಕಾರಿನ ಜೊತೆ ಎಲ್ಲರೂ ಫೋಟೋ ತೆಗೆಸಿಕೊಂಡರು. ಒಳಗೆ ತರೋಣ ಅಂತ ಮತ್ತೆ ಕೀ ತಿರುಗಿಸಿದರೆ ಇಂಜಿನ್ ಹತ್ತಲಿಲ್ಲ.

ತಿರುಗಿಸಿದರು, ತಿರುಗಿಸಿದರು, ಬೀದಿಯೆಲ್ಲ ಪೆಟ್ರೋಲ್ ವಾಸನೆ. ಟ್ಯಾಕ್ಸಿ ರಿಪೇರಿ ಮಾಡುವವರೊಬ್ಬರು ಪೂಜೆಗೆ ಬಂದಿದ್ದರು. ಅವರು ಬಗ್ಗಿ ನೋಡಿ, "ಕಂಪ್ರೆಶನ್ನೇ ಇಲ್ವಲ್ಲ ಗುರು. ಇಂಜಿನ್ ಸತ್ತೋಗಿದೆ. ಯಾರೋ ಸಿಕ್ಕಾಪಟ್ಟೆ ಎಳ್ದಿದಾರೆ" ಅಂದರು. ಎಲ್ಲರೂ ಬಾಗಿಲ ಕಡೆ ನೋಡಿದರು. ಹಬ್ಬದ ದಿನ, ಆರತಿ ಎತ್ತಿದ ಮೇಲೆ, ಬೀದಿಯ ನಡುವೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನನ್ನ ಮಗನ್ನ ಇನ್ನೊಂದ್ಸಲ ಕಳ್ಕೊಂಡಂಗಾಯ್ತು" ಅಂತ ಒಳಗೆ ಹೋಗಿಬಿಟ್ಟರು. ಮೈದುನ ಹಾರದೊಳಗಿಂದ ಅಣ್ಣನ ಫೋಟೋವನ್ನು ಬಿಡಿಸಿ ಎತ್ತಿಕೊಂಡರು. ಬೈದಿದ್ದರೆ ವಾಸಿಯಿತ್ತು.

ಆಗ ಜಪಾನಕ್ಕ ಮೆಟ್ಟಿಲಿಳಿದು ಬಂದರು. ಯಾರನ್ನೂ ನೋಡದೆ ಬಂದು, ಹಾರ ಸರಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ತಣ್ಣಗಿದೆ. ಎಷ್ಟು ದಿನದಿಂದ ಹೀಗೆ ಹಚ್ಚಿ ಆರಿಸ್ತಾ ಇದೀರ?"

"ದಿನಾ ಬೆಳಿಗ್ಗೆ ಅತ್ತಿಗೆ. ಬ್ಯಾಟರಿ ಹೋಗ್ಬಾರ್ದು ಅಂತ. ಒಂದು ಗಳಿಗೆ ಅಷ್ಟೇ. ಜೋರು ಮಾಡಿಲ್ಲ, ದೇವ್ರಾಣೆ" ಅಂದರು ಮೈದುನ. ಅವರ ಕಣ್ಣಲ್ಲಿ ನೀರಿತ್ತು.

"ಅದಕ್ಕೇ" ಅಂದರು ಜಪಾನಕ್ಕ. "ಸತ್ತಿಲ್ಲ ಇದು. ಪೆಟ್ರೋಲ್ ಕುಡಿದು ಮುಳುಗಿದೆ. ಕೀ ಕೊಡಿ."

ತಣ್ಣಗಿರುವಾಗ ಹಚ್ಚಿದರೆ ಪೆಟ್ರೋಲ್ ಹೆಚ್ಚಾಗಿ ನುಗ್ಗುತ್ತದಂತೆ. ಬಿಸಿಯಾಗುವ ಮೊದಲೇ ಆರಿಸಿಬಿಟ್ಟರೆ ಅದು ಒಳಗೇ ನಿಂತು, ಪಟ್ಟಿಗಳ ಮೇಲಿನ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ಎಣ್ಣೆಯಿಲ್ಲದ ಪಟ್ಟಿ ಬಿಗಿಯಾಗಿ ಕೂರುವುದಿಲ್ಲ. ಬಿಗಿಯಿಲ್ಲದಿದ್ದರೆ ಇಂಜಿನ್ ಹತ್ತುವುದಿಲ್ಲ. ಅಂದರೆ ಆ ಕಾರಿಗೆ ವಿಷವಾದದ್ದು ಮೈದುನನ ಅಕ್ಕರೆ, ಕೊನೆಗೆ ನಿಂಬೆಹಣ್ಣಿನ ಪೂಜೆ. ಇದನ್ನೆಲ್ಲ ಅವರು ನನಗೆ ಆಮೇಲೆ ಹೇಳಿದ್ದು. ಆಗ ಅವರು ಹೇಳುತ್ತಾ ನಿಲ್ಲಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೆಟ್ರೋಲ್ ಬರುವುದನ್ನು ನಿಲ್ಲಿಸಿ, ಸ್ಪಾನರ್ ಇಸಿದುಕೊಂಡು ಕಿಡಿ ಹಾರಿಸುವ ಪ್ಲಗ್ಗುಗಳನ್ನೆಲ್ಲ ಬಿಚ್ಚಿದರು. ತೊಟ್ಟಿಕ್ಕುತ್ತಿದ್ದವು. ಇಂಜಿನ್ ತಿರುಗಿಸಿ ಒಳಗಿನ ಪೆಟ್ರೋಲನ್ನು ಉಗುಳಿಸಿದರು. ಬ್ಯಾಗಿನ ಸೀಸೆಯಿಂದ ಆ ತೂತುಗಳಿಗೆ ಒಂದೊಂದು ಚೂರು ಎಣ್ಣೆ ಬಿಟ್ಟರು, ಮಗುವಿನ ಕಿವಿಗೆ ಬಿಡುವ ಹಾಗೆ. ಪ್ಲಗ್ಗುಗಳನ್ನು ಒರೆಸಿಕೊಂಡು ಸೀದಾ ಅಡುಗೆಮನೆಗೆ ನಡೆದರು. ನಾನೂ ಹಿಂದೆ ಓಡಿದೆ.

ಒಲೆಯ ಮೇಲೆ ಒಬ್ಬಟ್ಟಿನ ಹೆಂಚು ಕಾದಿತ್ತು. ಅತ್ತೆ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಸೊಸೆ ಅರ್ಧ ಬೆಂದ ಒಬ್ಬಟ್ಟನ್ನು ತೆಗೆದು ಪಕ್ಕಕ್ಕಿಟ್ಟು, ಅದೇ ಹೆಂಚಿನ ಮೇಲೆ ಪ್ಲಗ್ಗುಗಳನ್ನು ಸಾಲಾಗಿ ಜೋಡಿಸಿದರು. ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

"ಇದೆಲ್ಲ ಅವ್ನೇ ಹೇಳ್ಕೊಟ್ನಾ?"

ಜಪಾನಕ್ಕ ಇಕ್ಕಳದಲ್ಲಿ ಪ್ಲಗ್ಗು ಹೊರಳಿಸಿದರು. ಹೌದು ಅಂದುಬಿಡಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೌದು ಅಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು.

"ಇಲ್ಲ ಅತ್ತೆ. ಅವರಿಗೆ ಮಗ್ಗ ಗೊತ್ತಿತ್ತು, ಇದು ಗೊತ್ತಿರ್ಲಿಲ್ಲ. ಅಲ್ಲಿ ಈ ಕಾರು ಓಡಿಸ್ತಿದ್ದದ್ದು ನಾನು. ಇಷ್ಟಪಟ್ಟು ತಗೊಂಡಿದ್ದೂ ನಾನೇ. ಅವರು ಪಕ್ಕದಲ್ಲಿ ಕೂತು ಕಣ್ಣು ಮುಚ್ಕೊಳ್ತಿದ್ರು, ಸಾಕು ಕಣೇ ಸಾಕು ಅಂತಿದ್ರು, ಮತ್ತೆ ಮುಂದಿನ ವಾರ ತಾವೇ ಬಂದು ಕೂತ್ಕೊಳ್ತಿದ್ರು. ಊರಿಗೆ ಬಂದ್ವಲ್ಲ, ಆಗ ಸೀಟು ಬದಲಾಯ್ತು. ಹೆಂಡ್ತಿ ಓಡಿಸಿದ್ರೆ ಜನ ನಗ್ತಾರೆ ಅಂದ್ರು. ನನಗೂ ಅವರು ನಗೆಪಾಟಲಾಗೋದು ಬೇಡ್ವಾಗಿತ್ತು."

ನಾವೆಲ್ಲ ಅಷ್ಟು ದಿನ ಹಾರ ಹಾಕಿ ಕೊಂಡಾಡಿದ ಜೋಪಾನ ಬರೀ ಹೆದರಿಕೆಯಾಗಿತ್ತು. ಹೆಂಚಿನ ಮೇಲೆ ಪ್ಲಗ್ಗುಗಳು ಒಣಗಿ ಬಣ್ಣ ಬದಲಾಯಿಸಿದವು. ಮುದುಕಿ ಅವನ್ನೇ ನೋಡುತ್ತಾ, "ಸೈಕಲ್ಲಿಗೂ ಹೆದರ್ತಿದ್ದ" ಅಂದರು. "ನನ್ನ ಸೆರಗು ಬಿಡ್ತಿರ್ಲಿಲ್ಲ. ಕೊನೆಗೂ ಕಲೀಲಿಲ್ಲ." ತುಟಿ ಅಳುತ್ತಿತ್ತೋ ನಗುತ್ತಿತ್ತೋ ತಿಳಿಯಲಿಲ್ಲ.

ಪ್ಲಗ್ಗುಗಳನ್ನು ಕೂರಿಸಿದ್ದಾಯಿತು. ಮಗ್ಗದವರೆಲ್ಲ ಸೇರಿ ಬೀದಿಯ ತುದಿಯವರೆಗೂ ತಳ್ಳಿದರು. ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹತ್ತಿತು. ಬಿಳಿ ಹೊಗೆ ಎದ್ದು ಬಾಳೆಕಂದು, ತೋರಣ, ಮೈದುನ, ಟ್ಯಾಕ್ಸಿ ರಿಪೇರಿಯವರು, ಯಾರೂ ಕಾಣದ ಹಾಗಾಯಿತು. ಹೊಗೆಯೊಳಗಿಂದ ಮೈದುನನ ದನಿ: "ಸಾಕು ಅತ್ತಿಗೆ, ಆರ್ಸಿ. ಒಳಗೆ ತಳ್ಬಿಡೋಣ."

"ಈಗ ಆರ್ಸಿದ್ರೆ ಮತ್ತೆ ಅದೇ. ಬಿಸಿ ಮಾಡ್ಕೊಂಡ್ ಬರ್ಬೇಕು."

ಮೈದುನ ಕಾರಿನ ಮುಂದೆ ಬಂದು ನಿಂತರು. ಸಿಟ್ಟಿನಿಂದ ಅಲ್ಲ, ಏನು ಮಾಡಬೇಕೆಂದು ತೋಚದೆ. ಕೈಯಲ್ಲಿ ಅಣ್ಣನ ಫೋಟೋ ಇತ್ತು. ಆಗ ಅತ್ತೆ ಬಂದರು. ಮಗನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಕಿಟಕಿಯ ಹತ್ತಿರ ಬಗ್ಗಿದರು.

"ಅವ್ನು ಯಾವ ಕಡೆ ಕೂತ್ಕೊಳ್ತಿದ್ದ?"

ಜಪಾನಕ್ಕ ಪಕ್ಕದ ಬಾಗಿಲು ತೆರೆದರು. ಆ ತಗ್ಗು ಸೀಟಿನೊಳಗೆ ಇಳಿಯುವುದು ಮುದುಕಿಗೆ ಸುಲಭವಾಗಲಿಲ್ಲ. ನಾನೂ ಕೈ ಕೊಟ್ಟೆ. ಕೂತು, ಸೆರಗು ಹೊದ್ದುಕೊಂಡು, ಎದುರಿಗೆ ನೋಡುತ್ತಾ ಹೇಳಿದರು: "ನಡಿ. ಅಂಚು ಮುಟ್ಟಿಸ್ಕೊಂಡು ಬರೋಣ."

ಕುಂದಾಣದ ಕ್ರಾಸಿನಲ್ಲಿ ಆದದ್ದನ್ನು ಜಪಾನಕ್ಕ ಆಮೇಲೆ ಒರಳಿನ ಕಟ್ಟೆಯ ಮೇಲೆ ಹೇಳಿದರು. ಅತ್ತೆಯೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರಂತೆ. ಬಜರ್ ಕೂಗಿದ ಮೇಲೆ ತೆರೆದು, "ಇಷ್ಟೇನಾ? ಇದಕ್ಕೇನಾ ಅವ್ನು ಹೆದರ್ತಿದ್ದಿದ್ದು?" ಅಂದರಂತೆ. ಆಮೇಲೆ ದೇವನಹಳ್ಳಿ ಬರುವವರೆಗೂ ಅತ್ತರಂತೆ. ಜಪಾನಕ್ಕ ಸಮಾಧಾನ ಮಾಡಲಿಲ್ಲವಂತೆ, ಗಾಡಿ ಓಡಿಸುತ್ತಾ ಇದ್ದರಂತೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕಾರಿನ ಬದಲು ತುಳಸಿ ಬಂತು. ಕಾರಿನ ಕೀ ಜಪಾನಕ್ಕನ ಸೊಂಟಕ್ಕೆ ಬಂತು. ಆ ವರ್ಷದ ಒಬ್ಬಟ್ಟು ಪೆಟ್ರೋಲ್ ನಾತ ಹೊಡೆಯುತ್ತಿತ್ತು, ಬೀದಿಯವರೆಲ್ಲ ತಿಂದೆವು.

ಅಲ್ಲಿಂದ ಮುಂದೆ ಎಷ್ಟೋ ಭಾನುವಾರಗಳು. ನಾವು ಸ್ವಂತ ಮನೆ ಕಟ್ಟಿಕೊಂಡು ಊರಿನ ಇನ್ನೊಂದು ಕಡೆಗೆ ಬಂದ ಮೇಲೂ ಆಗಾಗ ಕರೆಯುತ್ತಿದ್ದರು, ನಾನು ಹೋಗಿ ಕಣ್ಣು ಮುಚ್ಚಿಕೊಂಡು ಕೂತು ಬರುತ್ತಿದ್ದೆ. ಕುಕ್ಕರಿನ ವಿಷಯದಲ್ಲಿ ಅವರು ನನ್ನನ್ನು ತಿದ್ದಲು ನೋಡಿದರು, ಆಗಲಿಲ್ಲ. ಬರಬರುತ್ತಾ ಬಣ್ಣದ ಸೀರೆ ಉಡತೊಡಗಿದರು. ಅದನ್ನು ಯಾರೂ ಎತ್ತಿ ಆಡಲಿಲ್ಲ, ಆಡಿದ್ದರೂ ಅತ್ತೆ ಇದ್ದರು. ಅತ್ತೆ ಹೋದ ಮೇಲೆ ಮೈದುನನೇ ಇದ್ದರು.

ಜಪಾನಕ್ಕನ ತಿಥಿ ಮುಗಿದ ಮೇಲೆ ನಾನು ಆ ಬೀದಿಗೆ ಹೋದೆ. ಮೈದುನನ ತಲೆ ನರೆತಿತ್ತು. ನನ್ನನ್ನು ನೇರ ಶೆಡ್ಡಿಗೆ ಕರೆದುಕೊಂಡು ಹೋದರು. ಕಾರಿನ ಮೇಲೆ ಅದೇ ಸೀರೆಯ ಹೊದಿಕೆ.

"ಅತ್ತಿಗೆ ಆಸ್ಪತ್ರೆಗೆ ಅಲೆಯೋಕೆ ಶುರುವಾದಾಗಿಂದ ನಿಂತಿದೆ ಟೀಚರ್. ಬ್ಯಾಟರಿ ಹೊಸದು ಹಾಕ್ಸಿದೀನಿ. ಕೀ ಮಾತ್ರ ತಿರುಗಿಸಿಲ್ಲ. ಹಚ್ಚಿದ್ರೆ ಬಿಸಿ ಮಾಡ್ಲೇಬೇಕು, ಇಲ್ಲಾಂದ್ರೆ ಹಚ್ಚಲೇಬೇಡಿ ಅಂದಿದ್ರು." ಹೊದಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. "ನೀವು ಬರ್ತೀರಾ? ಒಬ್ರೇ ಹೋಗ್ಬಾರ್ದು ಅಂತ ರೂಲ್ಸ್ ಮಾಡ್ದೋನು ನಾನೇ ಅಲ್ವಾ."

ಇಂಜಿನ್ ಹೊಗೆ ಕಾರಿಕೊಂಡು ಹತ್ತಿತು. ಊರು ದಾಟುವವರೆಗೂ ಅವರು ಅಣ್ಣನ ಹಾಗೆಯೇ ಓಡಿಸಿದರು. ದ್ರಾಕ್ಷಿ ತೋಟಗಳು ಕೆಲವು ಉಳಿದಿದ್ದವು, ಕೆಲವು ಕಡೆ ಬೇಲಿ ಹಾಕಿ ಬೋರ್ಡು ನೆಟ್ಟಿದ್ದರು. ಕುಂದಾಣದ ಕ್ರಾಸ್ ಬಂತು. ಶಾಖದ ಮುಳ್ಳು ಮಧ್ಯಕ್ಕೆ ಬಂದು ನಿಂತಿತ್ತು. ರಸ್ತೆ ಖಾಲಿ. ಮೈದುನ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಹಾಗೇ ಹೋಗುತ್ತಿದ್ದರು. ಹಣೆಯಲ್ಲಿ ಬೆವರಿತ್ತು.

"ಮುಂದಿನ ವಾರ ನೋಡೋಣ್ವಾ ಟೀಚರ್? ಇವತ್ತು ಇಷ್ಟು ಸಾಕೇನೋ."

ಸಾಕು ಅನ್ನಲು ನಾನು ಬಾಯಿ ತೆರೆದೆ. ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತದು. ಬಾಯಿಂದ ಬಂದದ್ದೇ ಬೇರೆ.

"ಬಿಸಿ ಆಗಿದೆ. ಇನ್ನು ಕಾಯ್ಬಾರ್ದು."

ಅವರು ನನ್ನ ಕಡೆ ಒಮ್ಮೆ ನೋಡಿದರು. ಎರಡನೇ ಗೇರಿಗೆ ಹಾಕಿದರು. ಬೆನ್ನು ಸೀಟಿಗೆ ಅಂಟಿತು, ಆ ಸ್ವರ ಏರತೊಡಗಿತು. ಈ ಸೀಟಲ್ಲಿ ಕೂತವರೆಲ್ಲ ಕಣ್ಣು ಮುಚ್ಕೊಳ್ತಾರೆ ಅಂತ ಜಪಾನಕ್ಕ ನಗುತ್ತಿದ್ದರು. ಆವತ್ತು ನಾನು ಮುಚ್ಚಲಿಲ್ಲ. ಬಜರ್ ಕೂಗುವವರೆಗೂ, ಮುಳ್ಳು ಹೋಗಿ ಆ ಕೆಂಪು ಅಂಚನ್ನು ಮುಟ್ಟುವುದನ್ನು, ಪೂರ್ತಿ ನೋಡಿದೆ.